ಸಾಲಿನಲ್ಲಿ ಅವನು ಇಲ್ಲದೇ ಇರಬಹುದು: ಗುರುತು ಪತ್ತೆ ಪರೇಡ್ ನಡೆಸಿದ ನನ್ನ ಅನುಭವ

ತಹಶೀಲ್ದಾರ್ ಕೆಲಸ ಅಂದರೆ ಪಹಣಿ, ಪೋಡಿ, ಬೆಳೆ ಪರಿಹಾರ, ಚುನಾವಣೆ ಇಷ್ಟೇ ಎಂದು ಬಹಳ ಜನ ತಿಳಿದಿರುತ್ತಾರೆ. ಅದೇ ಅಧಿಕಾರಿ ತಾಲ್ಲೂಕು ದಂಡಾಧಿಕಾರಿಯೂ ಹೌದು. ಸರಗಳ್ಳತನ, ದರೋಡೆಯಂಥ ಪ್ರಕರಣಗಳಲ್ಲಿ ಆರೋಪಿ ಸಿಕ್ಕಾಗ ಗುರುತು ಪತ್ತೆ ಪರೇಡ್ ನಡೆಸಿಕೊಡಿ ಎಂಬ ಪತ್ರ ನಮಗೆ ಬರುತ್ತದೆ. ಜೈಲಿನ ಅಂಗಳದಲ್ಲಿ ಸಾಲಾಗಿ ನಿಂತವರ ನಡುವೆ ತಾನು ಅಂದು ಕಂಡವನನ್ನು ಸಾಕ್ಷಿ ತೋರಿಸಬೇಕು. ನಿವೃತ್ತಿಯವರೆಗೂ ಬೇರೆ ಬೇರೆ ತಾಲ್ಲೂಕುಗಳಲ್ಲಿ ನಾನು ಈ ಕೆಲಸ ಮಾಡಿದೆ. ಮುಖದ ನೆನಪಿನ ಬಗ್ಗೆ ಮನಶ್ಶಾಸ್ತ್ರಜ್ಞರು ಬರೆದದ್ದನ್ನೂ ಜೊತೆಜೊತೆಗೆ ಓದಿದೆ. ಈಗ ಪರೇಡ್ ನಡೆಸುತ್ತಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮುಖ ಗುರುತು ಹಿಡಿಯುವುದರಲ್ಲಿ ನಾವೆಲ್ಲ ಪಳಗಿದವರು ಎಂಬ ನಂಬಿಕೆ ಇದೆ, ಅಲ್ವಾ? ಪರಿಚಯದವರ ಮಟ್ಟಿಗೆ ಅದು ನಿಜ. ಅಪರಿಚಿತರ ವಿಷಯ ಬೇರೆ. 2011ರಲ್ಲಿ ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನೆದರ್‌ಲ್ಯಾಂಡ್ಸ್‌ನ ಇಬ್ಬರು ಪ್ರಸಿದ್ಧರ 40 ಫೋಟೊ ಕೊಟ್ಟು, ಒಬ್ಬೊಬ್ಬರದನ್ನು ಒಂದೊಂದು ಗುಂಪು ಮಾಡಿ ಎಂದರು. ಅವರನ್ನು ಬಲ್ಲ ಡಚ್ಚರು ಸಲೀಸಾಗಿ ಎರಡೇ ಗುಂಪು ಮಾಡಿದರು. ಅವರನ್ನು ಅರಿಯದ ಬ್ರಿಟಿಷರು ಏಳೆಂಟು ಜನರಿದ್ದಾರೆ ಎಂದುಕೊಂಡರು. ಫೋಟೊ ಕೈಯಲ್ಲೇ ಇತ್ತು, ಹೆದರಿಕೆ ಇರಲಿಲ್ಲ, ಅವಸರವೂ ಇರಲಿಲ್ಲ. ನಮ್ಮ ಸಾಕ್ಷಿಯಾದರೋ ಮುಸ್ಸಂಜೆಯ ಬೆಳಕಿನಲ್ಲಿ, ಕುತ್ತಿಗೆಗೆ ಕೈ ಬಿದ್ದ ಗಾಬರಿಯಲ್ಲಿ, ಕೆಲವೇ ಕ್ಷಣ ಆ ಮುಖ ಕಂಡವಳು. ಎದುರಿಗೆ ಚಾಕು ಇದ್ದರೆ ಕಣ್ಣು ಚಾಕುವಿನ ಮೇಲೇ ನಿಲ್ಲುತ್ತದೆ.

ಈ ಬೆಳಕು, ಭಯ, ದೂರ ಯಾವುದೂ ಅಧಿಕಾರಿಯ ಕೈಯಲ್ಲಿಲ್ಲ. ಪರೇಡ್ ಹೇಗೆ ನಡೆಯುತ್ತದೆ ಎನ್ನುವುದು ಪೂರ್ತಿ ಅವನ ಕೈಯಲ್ಲಿದೆ. ಅಮೆರಿಕದ ಗ್ಯಾರಿ ವೆಲ್ಸ್ 1978ರಲ್ಲೇ ಈ ಎರಡನ್ನೂ ಬೇರೆ ಮಾಡಿ ನೋಡಿ ಎಂದಿದ್ದರು. ನನ್ನ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಬೆಳಕು ಕೊಟ್ಟ ಮಾತು ಇನ್ನೊಂದಿಲ್ಲ.

ಮೊದಲು ಸಾಲಿನ ವಿಷಯ. ಜೊತೆಗೆ ನಿಲ್ಲಿಸಲು ಅದೇ ವಯಸ್ಸಿನ, ಅದೇ ಮೈಕಟ್ಟಿನ, ಅದೇ ಬಣ್ಣದ ವಿಚಾರಣಾಧೀನ ಕೈದಿಗಳನ್ನು ಹುಡುಕುತ್ತಿದ್ದೆ. ಚಿಕ್ಕ ಸಬ್ ಜೈಲಿನಲ್ಲಿ ಇದು ಸುಲಭವಲ್ಲ. ಸಾಕ್ಷಿಯ ಹೇಳಿಕೆಯಲ್ಲಿ ಗಡ್ಡ ಎಂದಿದ್ದರೆ ಸಾಲಿನಲ್ಲಿ ಎಲ್ಲರಿಗೂ ಗಡ್ಡ ಇರಬೇಕು. ಆರೋಪಿಯ ಕೆನ್ನೆಯ ಮೇಲೆ ಗಾಯದ ಗುರುತು ಇದ್ದರೆ ಎಲ್ಲರ ಕೆನ್ನೆಗೂ ಅದೇ ಜಾಗದಲ್ಲಿ ಪ್ಲಾಸ್ಟರ್ ಹಚ್ಚಿಸುತ್ತಿದ್ದೆ. ಚಪ್ಪಲಿ ಹಾಕಿದರೆ ಎಲ್ಲರೂ ಹಾಕಬೇಕು, ಬಿಟ್ಟರೆ ಎಲ್ಲರೂ ಬಿಡಬೇಕು. ಹೊಸದಾಗಿ ಜೈಲಿಗೆ ಬಂದವನ ಮುಖದಲ್ಲಿ ಒಂದು ಕಂಗಾಲು ಇರುತ್ತದೆ. ಅದನ್ನು ಮರೆಸುವುದಕ್ಕೆ ಆಗುವುದಿಲ್ಲ. ಹಾಗಾಗಿ ಜೊತೆಯವರಲ್ಲೂ ಆದಷ್ಟು ಹೊಸಬರನ್ನೇ ಆರಿಸುತ್ತಿದ್ದೆ. ಎಲ್ಲಿ ನಿಲ್ಲಬೇಕು ಎಂಬುದು ಆರೋಪಿಯ ಆಯ್ಕೆ. ಪ್ರತಿ ಸಾಕ್ಷಿ ಬಂದು ಹೋದ ಮೇಲೂ ಜಾಗ, ಅಂಗಿ ಬದಲಿಸಿಕೊಳ್ಳಲು ಬಿಡುತ್ತಿದ್ದೆ.

ಸಾಲು ಸರಿಯಿದೆಯೇ ಎಂದು ತಿಳಿಯಲು ಒಂದು ಒಳ್ಳೆಯ ದಾರಿ ಇದೆ. 1973ರಲ್ಲಿ ಕೆನಡಾದ ಡೂಬ್ ಮತ್ತು ಕಿರ್ಶನ್‌ಬಾಮ್ ಅದನ್ನು ತೋರಿಸಿದರು. ಘಟನೆಯನ್ನೇ ನೋಡದವರಿಗೆ ಸಾಕ್ಷಿಯ ವರ್ಣನೆಯನ್ನು ಮಾತ್ರ ಕೊಟ್ಟು ಸಾಲಿನ ಫೋಟೊ ತೋರಿಸುವುದು. ಅವರೂ ಆರೋಪಿಯನ್ನೇ ತೋರಿಸಿದರೆ ಸಾಲು ತಾನೇ ಉತ್ತರ ಹೇಳಿಕೊಡುತ್ತಿದೆ ಎಂದರ್ಥ. ನಾನು ಇದನ್ನು ಪಂಚರ ಮೇಲೆ ಮಾಡುತ್ತಿದ್ದೆ. ಆರೋಪಿ ಯಾರೆಂದು ಅವರಿಗೆ ಗೊತ್ತಿರುತ್ತಿರಲಿಲ್ಲ. "ಎತ್ತರ, ಕಪ್ಪು, ಗುಂಗುರು ಕೂದಲು ಅಂತ ಬರೆದಿದೆ. ನಿಮಗೆ ಯಾರು ಅನ್ನಿಸುತ್ತೆ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದೆ. ಇಬ್ಬರ ಬೆರಳೂ ಆರೋಪಿಯ ಕಡೆ ಹೋದರೆ ಸಾಲು ಒಡೆದು ಬೇರೆ ಜನರನ್ನು ಹುಡುಕುವುದೇ. ಜೈಲಿನವರಿಗೆ ಬೇಸರ ಆಗುತ್ತಿತ್ತು. ಆದರೂ ನಾನು ಇದನ್ನು ಬಿಡಲಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಸಾಕ್ಷಿಗೆ ಹೇಳುವ ಮೊದಲ ಮಾತು. ಜೈಲಿನವರೆಗೆ ಕರೆಸಿದ್ದಾರೆ ಎಂದಮೇಲೆ ಕಳ್ಳ ಸಾಲಿನಲ್ಲಿ ಇದ್ದೇ ಇದ್ದಾನೆ ಎಂದು ಸಾಕ್ಷಿ ನಂಬಿಕೊಂಡೇ ಬರುತ್ತಾನೆ. ಆಮೇಲೆ ಅವನ ಮನಸ್ಸು ಮಾಡುವ ಕೆಲಸವೇ ಬೇರೆ. ನೆನಪಿನ ಮುಖ ಇಲ್ಲಿದೆಯೇ ಎಂದು ಅದು ಹುಡುಕುವುದಿಲ್ಲ. ಇವರಲ್ಲಿ ಹೆಚ್ಚು ಹೋಲುವವನು ಯಾರು ಎಂದು ಒಬ್ಬರ ಪಕ್ಕ ಒಬ್ಬರನ್ನಿಟ್ಟು ತೂಗಿ ನೋಡುತ್ತದೆ. ಸಾಲಿನಲ್ಲಿ ಯಾರೇ ಇರಲಿ, ಹೆಚ್ಚು ಹೋಲುವವನು ಒಬ್ಬ ಇದ್ದೇ ಇರುತ್ತಾನಲ್ಲ!

ವೆಲ್ಸ್ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ನಟಿಸಿ ತೋರಿಸಿದ ಅಪರಾಧವೊಂದನ್ನು 200 ಜನ ನೋಡಿದರು. ಅರ್ಧ ಜನರಿಗೆ ತಪ್ಪಿತಸ್ಥ ಇದ್ದ ಸಾಲು ತೋರಿಸಿದರು. 54 ಶೇಕಡಾ ಜನ ಅವನನ್ನೇ ತೋರಿಸಿದರು, 21 ಶೇಕಡಾ ಜನ ಯಾರೂ ಅಲ್ಲ ಎಂದರು. ಉಳಿದ ಅರ್ಧಕ್ಕೆ ಅದೇ ಸಾಲು, ತಪ್ಪಿತಸ್ಥನನ್ನು ಮಾತ್ರ ತೆಗೆದು. ಇವರಲ್ಲಿ ಬಹುಪಾಲು ಜನ ಯಾರೂ ಇಲ್ಲ ಎನ್ನಬೇಕಿತ್ತು. ಹಾಗೆಂದವರು 32 ಶೇಕಡಾ ಮಾತ್ರ. ಉಳಿದವರೆಲ್ಲ ಯಾರೋ ಒಬ್ಬ ನಿರಪರಾಧಿಯ ಕಡೆ ಬೆರಳು ತೋರಿಸಿದರು. ಇವರು ಯಾರೂ ಸುಳ್ಳು ಹೇಳುವವರಲ್ಲ. ಈ ಅಂಕಿಗಳನ್ನು ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ.

ಹಾಗಾಗಿ ಪ್ರತಿ ಸಾಕ್ಷಿಗೂ, ಅವರ ಆಡುಮಾತಿನಲ್ಲೇ, ನಿಧಾನವಾಗಿ ಹೇಳುತ್ತಿದ್ದೆ: "ನೋಡಮ್ಮಾ, ನೀವು ಅವತ್ತು ನೋಡಿದವನು ಇಲ್ಲಿ ಇರಬಹುದು, ಇಲ್ಲದೇನೂ ಇರಬಹುದು. ಇಲ್ಲ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಗೊತ್ತಾಗಲಿಲ್ಲ ಅಂದರೂ ಸರಿ." ಅವರು ತಲೆ ಆಡಿಸಿದರೆ ಸಾಲದು. ನಾನು ಏನು ಹೇಳಿದೆ ಎಂದು ಅವರ ಬಾಯಲ್ಲೇ ತಿರುಗಿ ಹೇಳಿಸುತ್ತಿದ್ದೆ.

ಪರೇಡ್ ನಡೆಸುವವನಿಗೆ ಆರೋಪಿ ಯಾರೆಂದು ಗೊತ್ತಿರಬಾರದು ಎನ್ನುತ್ತಾರೆ ಸಂಶೋಧಕರು. ನಮ್ಮ ಪದ್ಧತಿಯಲ್ಲಿ ಪತ್ರದಲ್ಲೇ ಹೆಸರು ಇರುತ್ತದೆ. ಅದಕ್ಕೆ ನಾನು ಸಾಕ್ಷಿಯ ಬೆನ್ನ ಹಿಂದೆ ನಿಲ್ಲುತ್ತಿದ್ದೆ, ನನ್ನ ಮುಖ ಅವರಿಗೆ ಕಾಣದ ಹಾಗೆ. ಸಾಕ್ಷಿ ಒಬ್ಬನ ಮುಂದೆ ತಡೆದು ನಿಂತಾಗ ನಮ್ಮ ಉಸಿರೇ ಬದಲಾಗುತ್ತದೆ. ಅದು ಅವರಿಗೆ ತಿಳಿಯಬಾರದು. ಪೊಲೀಸರು ಅಂಗಳದೊಳಗೆ ಇರುವಂತೆಯೇ ಇಲ್ಲ. 1954ರ ರಾಮಕಿಶನ್ ಮಿಠನ್‌ಲಾಲ್ ಶರ್ಮಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಎಚ್ಚರಿಸಿದೆ.

ಸಾಕ್ಷಿ ಒಬ್ಬನನ್ನು ತೋರಿಸಿದ ಕೂಡಲೇ "ಎಷ್ಟು ಖಾತ್ರಿ?" ಎಂದು ಕೇಳಿ, ಅವರ ಮಾತನ್ನು ಹಾಗೇ ಬರೆಯುತ್ತಿದ್ದೆ. "ಇವನ ಥರಾನೇ ಇದ್ದ" ಎಂದರೆ ಹಾಗೇ. "ಇವನೇ, ಮರೆಯೋಕೆ ಆಗಲ್ಲ" ಎಂದರೆ ಹಾಗೇ. ಎಷ್ಟು ಹೊತ್ತು ತೆಗೆದುಕೊಂಡರು, ಎಷ್ಟು ಸಲ ಸಾಲಿನ ಉದ್ದಕ್ಕೂ ನಡೆದರು, ಅದೂ ಬೇಕು. ನಂತರ "ಸರಿಯಾಗಿ ಹೇಳಿದೆನಾ ಸಾರ್?" ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ವೆಲ್ಸ್ ಮತ್ತು ಬ್ರಾಡ್‌ಫೀಲ್ಡ್ 1998ರಲ್ಲಿ ತೋರಿಸಿದ್ದು ಇದನ್ನೇ. ತಪ್ಪು ವ್ಯಕ್ತಿಯನ್ನು ಆರಿಸಿದವರಿಗೆ ಸುಮ್ನೆ "ಸರಿಯಾಗಿ ಗುರುತಿಸಿದಿರಿ" ಎಂದರೆ ಸಾಕು. ನನಗೆ ಮೊದಲೇ ಖಾತ್ರಿ ಇತ್ತು, ಮುಖ ಚೆನ್ನಾಗಿ ಕಂಡಿತ್ತು ಎಂದು ಅವರು ಹೇಳತೊಡಗುತ್ತಾರೆ. ನೆನಪು ಒದ್ದೆ ಮಣ್ಣಿನ ಮೇಲಿನ ಹೆಜ್ಜೆ ಇದ್ದ ಹಾಗೆ. ನೋಡಲು ಹೋದವನ ಹೆಜ್ಜೆಯೂ ಅದರ ಮೇಲೆ ಬೀಳುತ್ತದೆ.

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1984ರಲ್ಲಿ ಆದದ್ದು ಹೀಗೆಯೇ. ಜೆನಿಫರ್ ಥಾಂಪ್ಸನ್ ಎಂಬ ವಿದ್ಯಾರ್ಥಿನಿ ಅತ್ಯಾಚಾರಿಯ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿದ್ದರು. ಮೊದಲು ಫೋಟೊದಲ್ಲಿ, ನಂತರ ಸಾಲಿನಲ್ಲಿ ರೊನಾಲ್ಡ್ ಕಾಟನ್‌ನನ್ನು ತೋರಿಸಿದರು. ಫೋಟೊದಲ್ಲಿ ಆರಿಸಿದವನೇ ಇವನು ಎಂದು ಪೊಲೀಸರೂ ಹೇಳಿದರು. ಅನುಮಾನವೆಲ್ಲ ಹೋಯಿತು. ಮುಂದೆ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ಕೋರ್ಟಿನಲ್ಲಿ ಎದುರಿಗೇ ತಂದು ನಿಲ್ಲಿಸಿದಾಗ ಅವರಿಗೆ ಗುರುತೇ ಸಿಗಲಿಲ್ಲ. ಹತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿ ಕಳೆದ ಕಾಟನ್ 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಹೊರಬಂದರು.

ಈಗಿನ ದೊಡ್ಡ ತೊಂದರೆ ಮೊಬೈಲು. ಪರೇಡಿಗೆ ಮುಂಚೆಯೇ ಆರೋಪಿಯ ಫೋಟೊ ವಾಟ್ಸಾಪಿನಲ್ಲಿ ಓಡಾಡಿರುತ್ತದೆ. ಮೊದಲೇ ಮುಖ ತೋರಿಸಿ ನಡೆಸಿದ ಪರೇಡನ್ನು ಸುಪ್ರೀಂ ಕೋರ್ಟ್ 2022ರ ಗಿರೀಶನ್ ನಾಯರ್ ಪ್ರಕರಣದಲ್ಲಿ ಒಪ್ಪಲಿಲ್ಲ. ಘಟನೆಯ ನಂತರ ಈ ಮುಖ ಎಲ್ಲಾದರೂ ನೋಡಿದ್ದೀರಾ, ಠಾಣೆಯಲ್ಲಿ, ಟಿವಿಯಲ್ಲಿ, ಫೋನಿನಲ್ಲಿ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. "ನನ್ನನ್ನು ಮೊದಲೇ ತೋರಿಸಿದ್ದಾರೆ ಸ್ವಾಮಿ" ಎಂದು ಆರೋಪಿ ಹೇಳಿದರೆ ಅದನ್ನೂ ಬರೆಯಿರಿ. ನಿಜವೋ ಸುಳ್ಳೋ ತೀರ್ಮಾನಿಸುವುದು ಕೋರ್ಟಿನ ಕೆಲಸ.

ಕಾನೂನಿನಲ್ಲಿ ಪರೇಡ್ ಸ್ವತಂತ್ರ ಸಾಕ್ಷ್ಯ ಅಲ್ಲ. ಕೋರ್ಟಿನಲ್ಲಿ ಗುರುತಿಸುವುದೇ ಮುಖ್ಯ ಸಾಕ್ಷ್ಯ ಎಂದು 2003ರ ಮಲ್ಖಾನ್‌ಸಿಂಗ್ ತೀರ್ಪು ಹೇಳುತ್ತದೆ. ಆದರೆ ಕೋರ್ಟಿನ ಹೊತ್ತಿಗೆ ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ. ಕಟಕಟೆಯಲ್ಲಿ ನಿಂತಿರುವವನು ಒಬ್ಬನೇ. ಆಗ ಯಾವ ಸಾಕ್ಷಿಗೂ ಸಂಶಯ ಉಳಿದಿರುವುದಿಲ್ಲ. ಸಂಶಯ ಇತ್ತೇ ಎಂದು ನ್ಯಾಯಾಧೀಶರು ತಿಳಿಯುವುದು ಅಂದು ಜೈಲಿನ ಅಂಗಳದಲ್ಲಿ ನಾವು ಬರೆದಿಟ್ಟ ಹಾಳೆಯಿಂದಲೇ. "ಯಾರನ್ನೂ ಗುರುತಿಸಲಿಲ್ಲ" ಎಂಬ ವರದಿಯನ್ನೂ ಅಷ್ಟೇ ವಿವರವಾಗಿ ಬರೆದು, ಸಾಲಿನ ನಕ್ಷೆ ಸೇರಿಸಿ, ಅದೇ ದಿನ ಲಕೋಟೆಗೆ ಅರಗು ಹಾಕಿ ಕಳಿಸಿ.