ಗೆಲ್ಲು ಮುರಿದ ಸುದ್ದಿ ಮನೆಗೆ ಮುಟ್ಟಿಸುವುದು ಹೇಗೆ?

ಜುಲೈ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತು. ಗಾಳಿಮಳೆಗೆ ನಮ್ಮ ಶಾಲೆಯ ಅಂಗಳದ ಹಲಸಿನ ಮರದ ಗೆಲ್ಲೊಂದು ಮುರಿದು ಸೈಕಲ್ ನಿಲ್ಲಿಸುವ ಶೆಡ್ಡಿನ ಮೇಲೆ ಬಿತ್ತು. ನಾಲ್ಕು ಶೀಟು ಒಡೆಯಿತು. ಒಂದು ಸೈಕಲ್ಲಿನ ಚಕ್ರ ಸೊಟ್ಟಗಾಯಿತು. ಮಕ್ಕಳೆಲ್ಲ ಒಳಗೆ ಅನ್ನ ಸಾಂಬಾರು ಉಣ್ಣುತ್ತಿದ್ದರು. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ.

ಎರಡು ಗಂಟೆಗೆ ಗೇಟಿನ ಹತ್ತಿರ ಏಳೆಂಟು ಸ್ಕೂಟರ್, ಮೂರು ರಿಕ್ಷಾ. ಒಬ್ಬರು ಅಮ್ಮ ಬೀಡಿ ಕಟ್ಟುತ್ತಿದ್ದವರು ಹಾಗೇ ಎದ್ದು ಬಂದಿದ್ದರು, ಬೆರಳಿಗೆ ಹೊಗೆಸೊಪ್ಪಿನ ಪುಡಿ ಅಂಟಿಕೊಂಡೇ ಇತ್ತು. "ಟೀಚರ್, ಏಳನೇ ಕ್ಲಾಸಿನ ಮಾಡು ಕುಸಿದಿದೆಯಂತಲ್ಲ, ಎಷ್ಟು ಮಕ್ಕಳಿಗೆ ಪೆಟ್ಟಾಗಿದೆ?" ಅವರಿಗೆ ಸುದ್ದಿ ಕೊಟ್ಟದ್ದು ಮಸ್ಕತ್‌ನಲ್ಲಿರುವ ಗಂಡ. ಎದುರಿನ ಅಂಗಡಿಯಿಂದ ಹೊರಟ ಫೋಟೋ ಮಸ್ಕತ್‌ಗೆ ಹೋಗಿ, ಅಲ್ಲಿಂದ ಒಂದು ಮಾಡು ಬೀಳಿಸಿಕೊಂಡು ವಾಪಸ್ ಬಂದಿತ್ತು.

ಶಾಲೆಯಿಂದ ಮನೆಗಳಿಗೆ ಮೆಸೇಜು ಹೋದದ್ದು 3.40ಕ್ಕೆ. ಯಾಕೆ ತಡ ಅಂತ ಕೇಳಿದವರಿಗೆ ನಮ್ಮ ಉತ್ತರ, "ಏನೂ ಆಗಿರಲಿಲ್ಲವಲ್ಲ!" ಏನೂ ಆಗಿಲ್ಲ ಅನ್ನುವುದೂ ಒಂದು ಸುದ್ದಿ, ಅದನ್ನು ಮೊದಲು ಹೇಳಬೇಕಾದವರು ನಾವೇ ಅಂತ ನಮಗೆ ಹೊಳೆದಿರಲಿಲ್ಲ.

6, 7, 8ನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಒಂದನೇ ಕ್ಲಾಸಿನ ಮಗು ಮನೆಗೆ ಹೋಗಿ ಎಲ್ಲವನ್ನೂ ಹೇಳುತ್ತದೆ, ಟೀಚರ್ ಯಾವ ಸೀರೆ ಉಟ್ಟಿದ್ದರು ಅನ್ನುವುದನ್ನು ಕೂಡ. ಈ ನಡುವಿನ ಪ್ರಾಯದ ಮಕ್ಕಳನ್ನು "ಇವತ್ತು ಶಾಲೆಯಲ್ಲಿ ಎಂತಾಯ್ತು?" ಅಂತ ಕೇಳಿ ನೋಡಿ. "ಎಂತ ಇಲ್ಲ." ಅಷ್ಟೇ. ಹಾಗಾಗಿ ಮನೆಗೆ ಹೇಳುವ ಕೆಲಸ ಶಾಲೆಯ ಮೇಲೇ ಬೀಳುತ್ತದೆ. ಆ ಮಳೆಗಾಲದ ನಂತರ ನಾವು ಮಾಡಿಕೊಂಡ ಪದ್ಧತಿಯನ್ನು ಇಲ್ಲಿ ಬರೆದಿದ್ದೇನೆ. ಟೀಚರುಗಳಿಗೆ, ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯಲ್ಲಿರುವ ಪೋಷಕರಿಗೆ ಉಪಯೋಗಕ್ಕೆ ಬಂದೀತು.

ಜೂನ್ ಮೊದಲ ವಾರ: ನಂಬರಿನ ಪುಸ್ತಕ

ಅಡ್ಮಿಷನ್ ಫಾರ್ಮಿನಲ್ಲಿರುವ ನಂಬರನ್ನು ನಂಬಬೇಡಿ. ಅದು ಮಗು ಒಂದನೇ ಕ್ಲಾಸಿಗೆ ಸೇರಿದಾಗ ಬರೆದದ್ದು. ಸಿಮ್ ಬದಲಾಗಿರುತ್ತದೆ, ಅಪ್ಪ ಗಲ್ಫಿಗೆ ಹೋಗಿರುತ್ತಾರೆ, ಇಲ್ಲವೇ ಬೋಟಿನಲ್ಲಿ ಮೀನಿಗೆ ಹೋದವರು ವಾರಗಟ್ಟಲೆ ಸಿಗುವುದಿಲ್ಲ.

200 ಪುಟದ ಒಂದು ನೋಟ್‌ಬುಕ್ ಸಾಕು, ಮಗುವಿಗೆ ಅರ್ಧ ಪುಟ. ಮಧ್ಯಾಹ್ನ 1 ಗಂಟೆಗೆ ಫೋನ್ ಎತ್ತುವವರು ಯಾರು ಅಂತ ಕೇಳಿ ಬರೆದುಕೊಳ್ಳಿ. "ಅಪ್ಪನ ನಂಬರ್ ಯಾವುದು" ಅನ್ನುವುದಕ್ಕಿಂತ ಈ ಪ್ರಶ್ನೆ ಉಪಯೋಗದ್ದು. ಅವರು ಸಿಗದಿದ್ದರೆ ಎರಡನೆಯವರು ಯಾರು? ಪಕ್ಕದ ಮನೆಯವರಾದರೂ ಸರಿ. ಅವರಿಗೆ ಓದಲು ಬರುತ್ತದಾ, ಇಲ್ಲಾ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೇಳಬೇಕಾ? ಮಗುವನ್ನು ಕರೆದುಕೊಂಡು ಹೋಗಲು ಯಾರು ಬಂದರೆ ಕಳಿಸಬಹುದು, ಯಾರು ಬಂದರೂ ಕಳಿಸಬಾರದು? ಇದನ್ನು ಮೆಲ್ಲ ಕೇಳಬೇಕು. ಅಪ್ಪ ಅಮ್ಮ ಬೇರೆಯಾದ ಮನೆಗಳಿರುತ್ತವೆ.

ಆಮೇಲೆ ದಾರಿ. ಯಾವ ಬಸ್ಸು, ಯಾವ ಸ್ಟಾಪು, ಹೈವೇ ದಾಟಬೇಕಾ, ನಡುವೆ ಕಾಲುಸಂಕ ಉಂಟಾ? ನೀರು ತುಂಬಿದ ಹಳೆಯ ಕಲ್ಲುಕೋರೆಯ ಬದಿಯಿಂದ ಬರುವ ಮಕ್ಕಳ ಹೆಸರಿಗೆ ಕೆಂಪು ಗುರುತು ಹಾಕಿ. ಮಳೆ ಜೋರಾದ ದಿನ ಮೊದಲ ಫೋನ್ ಅವರ ಮನೆಗೆ ಹೋಗಬೇಕು.

ಪುಸ್ತಕ ಹೆಡ್‌ಮಾಸ್ತರರ ಬೀರುವಿನಲ್ಲಿರಲಿ, ಬೀಗದ ಒಳಗೆ. ಕೀಲಿಕೈ ಎಲ್ಲಿದೆ ಅಂತ ಇಬ್ಬರಿಗೆ ಗೊತ್ತಿರಲಿ.

ಸುದ್ದಿಗೆ ಒಂದೇ ಬಾಗಿಲು

ಹೆಚ್ಚಿನ ಶಾಲೆಗಳಲ್ಲಿ ಕ್ಲಾಸಿಗೊಂದು ವಾಟ್ಸ್ಯಾಪ್ ಗ್ರೂಪ್ ಇರುತ್ತದೆ. ಅದರಲ್ಲಿ ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು, ಕಟೀಲು ದೇವಿಯ ಅಲಂಕಾರದ ಫೋಟೋ. ಇದರ ನಡುವೆ "ನಾಳೆ ಮಧ್ಯಾಹ್ನದವರೆಗೆ ಮಾತ್ರ ಶಾಲೆ" ಅಂತ ಹಾಕಿದರೆ ಯಾರಿಗೆ ಕಾಣುತ್ತದೆ ಹೇಳಿ.

ಶಾಲೆಯ ಸುದ್ದಿಗೆ ಬೇರೆಯೇ ಒಂದು ಗ್ರೂಪ್ ಮಾಡಿ, ಅಡ್ಮಿನ್ ಮಾತ್ರ ಮೆಸೇಜು ಹಾಕುವಂತೆ ಸೆಟ್ಟಿಂಗ್ ಬದಲಿಸಿ. ವಾಟ್ಸ್ಯಾಪಿನಲ್ಲೇ ಇರುವ ಕಮ್ಯುನಿಟಿ ಅಂತ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ತಾಯಂದಿರ ನಂಬರು ಊರಿಡೀ ಹೋಗುವುದು ನಮಗ್ಯಾರಿಗೂ ಬೇಡ, ಅಲ್ವಾ? ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿಗೆ ಹೋದವರು ಒಂದು ನೆನಪಿಡಿ: ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜು ಮುಟ್ಟುತ್ತದೆ, ಒಂದು ಲಿಸ್ಟಿಗೆ 256 ಜನ ಮಾತ್ರ. ನಾವು ಒಂದು ವರ್ಷ ಇದೇ ಗೊತ್ತಿಲ್ಲದೆ ಅರ್ಧ ಮನೆಗಳಿಗೆ ಸುಮ್ನೆ ಮೆಸೇಜು ಕಳಿಸುತ್ತಾ ಇದ್ದೆವು.

ಮೆಸೇಜಿನ ಐದು ಸಾಲು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಶಾಲೆಗಳು ಎಡವುವುದು ಇಲ್ಲೇ.

ಮೊದಲ ಸಾಲು: ಮಕ್ಕಳು ಹೇಗಿದ್ದಾರೆ. ಎರಡನೆಯದು: ಏನಾಯಿತು, ಎಷ್ಟು ಹೊತ್ತಿಗೆ. ಮೂರು: ಶಾಲೆ ಏನು ಮಾಡುತ್ತಿದೆ. ನಾಲ್ಕು: ಮನೆಯವರು ಏನು ಮಾಡಬೇಕು, ಬರಬೇಕಾ ಬೇಡವಾ. ಐದು: ಮುಂದಿನ ಸುದ್ದಿ ಎಷ್ಟು ಗಂಟೆಗೆ. ಆ ಮಂಗಳವಾರ ನಾವು ಕಳಿಸಬೇಕಾಗಿದ್ದ ಮೆಸೇಜು ಇಷ್ಟೇ ಇತ್ತು:

"ಮಕ್ಕಳೆಲ್ಲರೂ ಆರಾಮವಾಗಿದ್ದಾರೆ, ಯಾರಿಗೂ ಪೆಟ್ಟಾಗಿಲ್ಲ. ಮಧ್ಯಾಹ್ನ 12.50ಕ್ಕೆ ಹಲಸಿನ ಮರದ ಗೆಲ್ಲು ಸೈಕಲ್ ಶೆಡ್ಡಿನ ಮೇಲೆ ಬಿದ್ದಿದೆ. ಆಗ ಮಕ್ಕಳು ಒಳಗೆ ಊಟ ಮಾಡುತ್ತಿದ್ದರು. ಆ ಕಡೆ ಯಾರೂ ಹೋಗದಂತೆ ಹಗ್ಗ ಕಟ್ಟಿದ್ದೇವೆ, ಪಾಠ ನಡೆಯುತ್ತಿದೆ. ನೀವು ಬರಬೇಕಾಗಿಲ್ಲ, ಎಂದಿನ ಹೊತ್ತಿಗೇ ಬಿಡುತ್ತೇವೆ. ಮುಂದಿನ ಸುದ್ದಿ 2.30ಕ್ಕೆ."

"ಯಾರೂ ಗಾಬರಿಯಾಗಬೇಡಿ" ಅಂತ ಶುರು ಮಾಡಬೇಡಿ. ಆ ಮಾತು ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ. "ಅಹಿತಕರ ಘಟನೆ", "ಅನಿವಾರ್ಯ ಕಾರಣ" ಇವೂ ಬೇಡ. ಗೆಲ್ಲು ಬಿದ್ದರೆ ಗೆಲ್ಲು ಬಿತ್ತು ಅಂತಲೇ ಬರೆಯಿರಿ.

ನನ್ನ ಮಟ್ಟಿಗೆ ಐದನೇ ಸಾಲೇ ಮುಖ್ಯ. ಮುಂದಿನ ಸುದ್ದಿ ಯಾವಾಗ ಅಂತ ಗೊತ್ತಿದ್ದರೆ ಜನ ಕಾಯುತ್ತಾರೆ. ಗೊತ್ತಿಲ್ಲದಿದ್ದರೆ ಅಂಗಡಿಯವರನ್ನು ಕೇಳುತ್ತಾರೆ. 2.30 ಅಂತ ಹೇಳಿದ ಮೇಲೆ 2.30ಕ್ಕೆ ಹಾಕಲೇಬೇಕು, ಹೊಸತೇನೂ ಇಲ್ಲದಿದ್ದರೆ "ಹೊಸತೇನಿಲ್ಲ, ಪಾಠ ನಡೆಯುತ್ತಿದೆ" ಅಂತ ಆದರೂ. ಎರಡು ಸಲ ತಪ್ಪಿದರೆ ಮೂರನೇ ಸಲ ಯಾರೂ ನಂಬುವುದಿಲ್ಲ.

ಅದನ್ನೇ ತುಳುವಿನಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜು ಮಾಡಿ ಕೆಳಗೆ ಹಾಕಿ. ಬ್ಯಾರಿ ಭಾಷೆಯಲ್ಲಿ ಹೇಳಲು ನಮ್ಮಲ್ಲಿ ಒಬ್ಬರು ತಾಯಿ ಮುಂದೆ ಬಂದರು. ಮನೆಯಲ್ಲಿ ಫೋನ್ ಹಿಡಿದು ಕೂತಿರುವುದು ಎಷ್ಟೋ ಸಲ ಅಜ್ಜಿ. ಅವರಿಗೆ ಟೀಚರ ಸ್ವರ ಕೇಳಿದರೆ ಅರ್ಧ ಧೈರ್ಯ.

ಯಾವುದಾದರೂ ಮಗುವಿಗೆ ಪೆಟ್ಟಾಗಿದ್ದರೆ ಕ್ರಮ ಬೇರೆ. ಮೊದಲು ಆ ಮನೆಗೆ ಫೋನ್, ಗ್ರೂಪಿಗೆ ಆಮೇಲೆ. ಎಲ್ಲಿಗೆ ಪೆಟ್ಟು, ಯಾವ ಆಸ್ಪತ್ರೆ, ಜೊತೆಯಲ್ಲಿ ಯಾರಿದ್ದಾರೆ ಅಂತ ಹೇಳಿ. ಆಗುವುದಾದರೆ ಮಗುವಿನ ಕೈಗೇ ಫೋನ್ ಕೊಡಿ. ಗ್ರೂಪಿನಲ್ಲಿ ಹೆಸರು ಹಾಕಬೇಡಿ, ಫೋಟೋ ಅಂತೂ ಬೇಡವೇ ಬೇಡ.

ಮಳೆ ರಜೆಯ ರಾತ್ರಿ

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಜೂನ್, ಜುಲೈ ರಾತ್ರಿ ಎಂಟರ ಮೇಲೆ ಮಕ್ಕಳ ಕಣ್ಣು ಫೋನಿನ ಮೇಲೆ. ಅಷ್ಟರಲ್ಲಿ ಜಿಲ್ಲಾಧಿಕಾರಿಯ ಹೆಸರಿನಲ್ಲಿ ಒಂದು ಸುಳ್ಳು ರಜೆಯೂ ಬಂದಿರುತ್ತದೆ. ಹೆಚ್ಚಿನವು ಹಿಂದಿನ ವರ್ಷದ ಆದೇಶದ ಫೋಟೋ. ತಾರೀಕು ನೋಡಿ, ವಾರ ನೋಡಿ, ಯಾವ ತಾಲೂಕು ಅಂತ ನೋಡಿ. ಅಲರ್ಟ್ ಬೇರೆ, ರಜೆ ಬೇರೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಮಳೆ ಬರಬಹುದು ಅಂತ. ಆರೆಂಜ್ ಅಂದರೆ 115.6ರಿಂದ ಅಲ್ಲಿಯವರೆಗೆ. ರಜೆ ಕೊಡುವುದು ಜಿಲ್ಲಾಧಿಕಾರಿ.

ಗಡಿಯ ಮಕ್ಕಳ ಪಾಡು ಇನ್ನೊಂದು. ಹೆಜಮಾಡಿ ಉಡುಪಿ ಜಿಲ್ಲೆ, ಹೊಳೆ ದಾಟಿದರೆ ಮೂಲ್ಕಿ ದಕ್ಷಿಣ ಕನ್ನಡ. ಮನೆಗೆ ರಜೆ, ಶಾಲೆಗೆ ರಜೆ ಇಲ್ಲ! ತಲಪಾಡಿಯಲ್ಲಾದರೆ ಆ ಕಡೆ ಕೇರಳವೇ. ಇಂಥ ಮನೆಗಳಿಗೆ ಜೂನ್‌ನಲ್ಲೇ ಹೇಳಿಬಿಡಿ: ಶಾಲೆ ಇರುವ ಜಿಲ್ಲೆಯ ರಜೆಯೇ ಲೆಕ್ಕ, ಆದರೆ ದಾರಿಯಲ್ಲಿ ನೀರಿದ್ದರೆ ಕಳಿಸಬೇಡಿ, ಒಂದು ಫೋನ್ ಮಾಡಿ ಸಾಕು.

ನಡು ಮಧ್ಯಾಹ್ನ ಬೇಗ ಬಿಡುವ ಹೊತ್ತಿನಲ್ಲೇ ಅಪಾಯ ಜಾಸ್ತಿ. ಮನೆಯಲ್ಲಿ ಜನ ಇಲ್ಲ, ಕಾಲುಸಂಕದ ಕೆಳಗೆ ತೋಡು ತುಂಬಿ ಹರಿಯುತ್ತಿದೆ. ನಮ್ಮ ನಿಯಮ ಇಷ್ಟು: ಮನೆಯವರು ಫೋನಿನಲ್ಲಿ ಸಿಕ್ಕಿ "ಸರಿ" ಅನ್ನುವವರೆಗೆ ಮಗು ಗೇಟು ದಾಟುವಂತಿಲ್ಲ. ಒಂದು ದಿನ ಎಂಟು ಮಕ್ಕಳು ಸಂಜೆ ಆರರವರೆಗೆ ಸ್ಟಾಫ್ ರೂಮಿನಲ್ಲಿ ಕೇರಂ ಆಡಿದರು. ಅವರಿಗೆ ಅದೇ ರಜೆ.

ಜ್ವರ, ಮಾತ್ರೆ

ಡೆಂಗ್ಯೂ ಸುದ್ದಿ ಹೇಳುವಾಗ ಯಾರಿಗೆ ಅನ್ನುವುದು ಬೇಡ, ಎಲ್ಲಿ ನೀರು ನಿಂತಿದೆ ಅನ್ನುವುದು ಬೇಕು. ಈ ಸೊಳ್ಳೆ ಹಗಲು ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಅಡಿಕೆ ಹಾಳೆ, ಗೆರಟೆ, ಹಳೇ ಟಯರು, ರಬ್ಬರ್ ತೋಟದ ಚಿಪ್ಪು ಅಂತ ಹೆಸರು ಹಿಡಿದು ಬರೆದರೆ ಜನ ಮಗುಚಿ ಹಾಕುತ್ತಾರೆ. "ಪರಿಸರ ಸ್ವಚ್ಛವಾಗಿಡಿ" ಅಂದರೆ ಯಾರೂ ಏಳುವುದಿಲ್ಲ. ಜೊತೆಗೆ ಎರಡು ಮಾತು: ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಜಾಗ್ರತೆಯ ದಿನ. ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆ.

ಜಂತುಹುಳದ ಮಾತ್ರೆ ಕೊಡುವ ದಿನಕ್ಕೆ ಹಿಂದಿನ ದಿನವೇ ಒಂದು ಮೆಸೇಜು ಹೋಗಲಿ. ಕೆಲವರಿಗೆ ಸ್ವಲ್ಪ ಹೊಟ್ಟೆ ಹಿಂಡಬಹುದು ಅಂತ ಮೊದಲೇ ಹೇಳಿದರೆ ಮರುದಿನದ ಗಲಾಟೆ ಇರುವುದಿಲ್ಲ.

ಗ್ರೂಪಿಗೆ ಬರಬಾರದ್ದು

ಒಂದು ಮಗು ಬಂದು, "ಟೀಚರ್, ಬಸ್ಸಿನಲ್ಲಿ ಒಬ್ಬರು ಮುಟ್ಟುತ್ತಾರೆ" ಅಂದರೆ ಅದು ಗ್ರೂಪಿನ ವಿಷಯವೂ ಅಲ್ಲ, ಸ್ಟಾಫ್ ರೂಮಿನ ಮಾತೂ ಅಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಉಂಟು. ಶಾಲೆಯ ಮರ್ಯಾದೆ, ಊರಿನ ಮರ್ಯಾದೆ ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಮಗುವೇ ಮಾಡಬಹುದು. ಮಗುವಿನ ಹೆಸರು ಮಾತ್ರವಲ್ಲ, ಮನೆ, ಊರು, ಶಾಲೆ ಕೂಡ ಗುರುತಾಗುವಂತೆ ಹೊರಗೆ ಬರಬಾರದು.

ಹಾಗಾದರೆ ಉಳಿದ ಮನೆಗಳಿಗೆ ಏನು ಹೇಳುವುದು? ಘಟನೆಯನ್ನು ಬಿಟ್ಟು ವ್ಯವಸ್ಥೆಯನ್ನು ಹೇಳಿ. "ಈ ವಾರದಿಂದ ಸಂಜೆ ಸ್ಟಾಪಿನವರೆಗೆ ಇಬ್ಬರು ಟೀಚರುಗಳು ಬರುತ್ತಾರೆ. ಏನಾದರೂ ಹೇಳಲಿಕ್ಕಿದ್ದರೆ ಇಂಥವರಿಗೆ ಫೋನ್ ಮಾಡಿ." ಇಷ್ಟು ಸಾಕು.

"ಮಕ್ಕಳ ಕಳ್ಳರು ಬಂದಿದ್ದಾರೆ" ಅನ್ನುವ ವಾಯ್ಸ್ ಮೆಸೇಜು ಆಗಾಗ ಬರುತ್ತಲೇ ಇರುತ್ತದೆ. ಠಾಣೆಗೆ ಒಂದು ಫೋನ್ ಮಾಡಿ ಕೇಳಿ, ಸುಳ್ಳಾದರೆ ಸುಳ್ಳು ಅಂತ ಅದೇ ದಿನ ಬರೆಯಿರಿ. 2018ರಲ್ಲಿ ಇಂಥ ಸುದ್ದಿಗಳಿಗೆ ದೇಶದಲ್ಲಿ ಜೀವಗಳೇ ಹೋದವು. ವಾಟ್ಸ್ಯಾಪ್ ನಮ್ಮಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ ಐದು ಚಾಟಿಗೆ ಇಳಿಸಿದ್ದು ಆಗಲೇ.

"ಎಂತ ಇಲ್ಲ" ಅನ್ನುವ ಮಕ್ಕಳು

ಮನಸ್ಸಿನ ವಿಷಯ ಮೆಸೇಜಿನಲ್ಲಿ ಹೇಳಲು ಆಗುವುದಿಲ್ಲ. ತಿಂಡಿ ಡಬ್ಬ ಹಾಗೇ ವಾಪಸ್ ಹೋಗುವುದು, ಕಬಡ್ಡಿಗೆ ಓಡುತ್ತಿದ್ದವನು ಮೂಲೆ ಹಿಡಿಯುವುದು, ಸೋಮವಾರ ಮಾತ್ರ ಹೊಟ್ಟೆನೋವು ಬರುವುದು, ಇವು ಎರಡು ವಾರ ಕಂಡರೆ ಮನೆಗೆ ಫೋನ್ ಮಾಡಿ. "ನಿಮ್ಮ ಮಗನಿಗೆ ಪ್ರಾಬ್ಲಂ ಉಂಟು" ಅನ್ನಬೇಡಿ. "ನಾನು ಹೀಗೆ ನೋಡಿದೆ, ಮನೆಯಲ್ಲಿ ಹೇಗಿದ್ದಾನೆ?" ಅಂತ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡಿ. 2022ರಲ್ಲಿ ಶುರುವಾದ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಶಾಲೆಯ ಫೋನ್ ಬಂದರೆ ದೂರು ಅಂತಲೇ ಮನೆಯವರು ತಿಳಿದಿರುತ್ತಾರೆ. ಅದಕ್ಕೆ ನಾನು ಪ್ರತಿ ಶುಕ್ರವಾರ ಮೂರು ಮನೆಗೆ ಸುಮ್ನೆ ಫೋನ್ ಮಾಡುತ್ತಿದ್ದೆ. "ಇವತ್ತು ನಿಮ್ಮ ಮಗಳು ಬೋರ್ಡಿನಲ್ಲಿ ಚಂದ ಲೆಕ್ಕ ಮಾಡಿದಳು." ಅಷ್ಟೇ. ಮೊದಮೊದಲು ಆ ಕಡೆ ಮೌನ, ಆಮೇಲೆ "ಬೇರೆ ಎಂತ ಟೀಚರ್?" ಅಂತ ಸಂಶಯದ ಪ್ರಶ್ನೆ. ದೀಪಾವಳಿ ಹೊತ್ತಿಗೆ ಅವರೇ ಮಾತಾಡಲು ಶುರು ಮಾಡಿದರು.

ಕರೆಂಟಿಲ್ಲದ ದಿನಕ್ಕೆ

ಗಾಳಿಮಳೆಗೆ ಕರೆಂಟು ಹೋದರೆ ನೆಟ್ ಇಲ್ಲ. ಆಗ ಸರಪಳಿ ಫೋನ್. ಕ್ಲಾಸಿನಲ್ಲಿ 40 ಮಕ್ಕಳಿದ್ದರೆ ಟೀಚರ್ ಐದು ಪೋಷಕರಿಗೆ ಫೋನ್ ಮಾಡುತ್ತಾರೆ, ಅವರು ತಲಾ ಏಳು ಮನೆಗೆ. ಮುಗಿದ ಮೇಲೆ ಆ ಐವರೂ ಟೀಚರಿಗೆ ವಾಪಸ್ ಫೋನ್ ಮಾಡಿ ಯಾರು ಸಿಗಲಿಲ್ಲ ಅಂತ ಹೇಳಬೇಕು. ಇದನ್ನು ಮಳೆ ಶುರುವಾಗುವ ಮೊದಲೇ ಒಂದು ಶನಿವಾರ ಪರೀಕ್ಷೆ ಮಾಡಿ ನೋಡಿ.

ನಮ್ಮ ಮೊದಲ ಪರೀಕ್ಷೆಗೆ 50 ನಿಮಿಷ ಹಿಡಿಯಿತು, ಆರು ಮನೆ ಸಿಗಲಿಲ್ಲ. ಸಿಕ್ಕ ಒಂದು ಮನೆಯಲ್ಲಿ ಅಜ್ಜಿ ಫೋನ್ ಎತ್ತಿದರು. "ಮಳೆಗೆ ಶಾಲೆ ಬೇಗ ಬಿಡುತ್ತೇವೆ, ಇದು ಪರೀಕ್ಷೆಯ ಫೋನ್" ಅಂತ ಹೇಳಿದ್ದಕ್ಕೆ ಅವರು ಹೊರಗೆ ಇಣುಕಿ ನೋಡಿ, "ಇಲ್ಲಿ ಹಪ್ಪಳ ಒಣಗಲು ಹಾಕಿದ್ದೇನೆ ಮಾರಾಯ್ರೆ, ತೆಗೆಯಬೇಕಾ?" ಅಂತ ಕೇಳಿದರಂತೆ.