ಟಾಸ್ಕ್ ಫಾರ್ಮ್‌ಗೆ ವೇರಿಯಬಲ್: ಬೇಡ ಅಂದವರ ಮುಂದೆಯೇ ಕೆಲಸ ಮಾಡಿದ ದಾರಿ

ಕಚೇರಿ ಕೆಲಸವನ್ನು ಹಂತ ಹಂತವಾಗಿ ನಡೆಸುವ ಕ್ಯಾಮುಂಡಾ 7 ಎಂಬ ವರ್ಕ್‌ಫ್ಲೋ ಎಂಜಿನ್ ಮೇಲೆ ನಾವು ಖರೀದಿ ಮಂಜೂರಾತಿ ನಡೆಸುತ್ತಿದ್ದೆವು. ಜನ ಮಾಡಬೇಕಾದ ಒಂದೊಂದು ಹಂತವೂ ಒಂದು ಟಾಸ್ಕ್, ಅದಕ್ಕೊಂದು ಫಾರ್ಮ್, ಅದರಲ್ಲಿ ತುಂಬಿದ ಬೆಲೆಗಳು ವೇರಿಯಬಲ್‌ಗಳಲ್ಲಿ ಕೂರುತ್ತವೆ. ಒಂದು ದಿನ 9000 ಮೊತ್ತದ ಒಂದು ಖರೀದಿ ಅರ್ಜಿ ಬಂತು. ಮಿತಿ 50000. ಆದರೂ ಗೇಟ್‌ವೇ (ಷರತ್ತು ನೋಡಿ ಮುಂದಿನ ದಾರಿ ಆರಿಸುವ ಕವಲು) ಅದನ್ನು ಮಿತಿ ಮೀರಿದ್ದು ಅಂತ ಮೇಲಿನವರ ಟಾಸ್ಕ್‌ಗೆ ಕಳಿಸಿತು. ಅದು ಹೋಗಲಿ ಅಂದರೆ, ಅದೇ ದಿನ 120000ದ ಅರ್ಜಿ ಯಾರ ಒಪ್ಪಿಗೆಯೂ ಇಲ್ಲದೆ ಸೀದಾ ಪಾಸ್ ಆಗಿಬಿಟ್ಟಿತ್ತು.

ಎರಡು ದಿನ ಹುಡುಕಿದ್ದೇನೆ. ಫಾರ್ಮ್‌ನಲ್ಲಿ ಮೊತ್ತ, ಮಿತಿ ಎರಡೂ ಸ್ಟ್ರಿಂಗ್ ಆಗಿ, ಅಂದರೆ ಸಂಖ್ಯೆಯಾಗಲ್ಲ ಬರಹವಾಗಿ, ಬರುತ್ತಿದ್ದವು. ಎರಡು ಕಡೆಯೂ ಸ್ಟ್ರಿಂಗ್ ಇದ್ದರೆ ಗೇಟ್‌ವೇಯ ಷರತ್ತು ಬರೆದಿರುವ ಎಕ್ಸ್‌ಪ್ರೆಷನ್ ಅಕ್ಷರ ಅಕ್ಷರವಾಗಿ ಹೋಲಿಸುತ್ತದೆ. 9 ಅನ್ನೋದು 5ಕ್ಕಿಂತ ದೊಡ್ಡದು, 1 ಚಿಕ್ಕದು, ಅಷ್ಟೇ. ಹಿಂದಿನ ವಾರದವರೆಗೆ 50000 ಎಂಬ ಸಂಖ್ಯೆ ಎಕ್ಸ್‌ಪ್ರೆಷನ್ ಒಳಗೇ ಇತ್ತು. ಒಂದು ಕಡೆ ಸಂಖ್ಯೆ ಇದ್ದರೆ ಇನ್ನೊಂದು ಕಡೆಯನ್ನೂ ಅದು ಸಂಖ್ಯೆ ಮಾಡಿಕೊಳ್ಳುತ್ತದೆ, ಹಾಗಾಗಿ ಸರಿಯಾಗಿ ನಡೆದಿತ್ತು. ಮಿತಿಯನ್ನು ವೇರಿಯಬಲ್ ಮಾಡಿದ ದಿನವೇ ಕೆಟ್ಟಿತು. ಗ್ರಾಹಕರು ಆ ತಿಂಗಳ ಬಿಲ್ ತಡೆಹಿಡಿದರು. ಅದು ಕೈಗೆ ಬರಲು ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯಿತು.

ಪ್ರೊಸೆಸ್‌ನಲ್ಲಿ ಆಗ ನಲವತ್ತಕ್ಕೂ ಜಾಸ್ತಿ ವೇರಿಯಬಲ್, ಎಲ್ಲವೂ ಪ್ರೊಸೆಸ್ ಮಟ್ಟದಲ್ಲೇ, ಅಂದರೆ ಎಲ್ಲ ಟಾಸ್ಕ್‌ಗೂ ಕಾಣುವ ಹಾಗೆ. ಪ್ರತಿ ಫಾರ್ಮೂ ಅಷ್ಟನ್ನೂ ಎಳೆದುಕೊಳ್ಳುತ್ತಿತ್ತು, ಸಬ್ಮಿಟ್ ಮಾಡುವಾಗ ಅಷ್ಟನ್ನೂ ವಾಪಸ್ ಸುರಿಯುತ್ತಿತ್ತು.

ಟೀಮ್‌ನಲ್ಲಿ ಮೂರು ಅಭಿಪ್ರಾಯ ಬಂತು. ಎಲ್ಲ ಸೇರಿಸಿ ಒಂದೇ ಜಾವಾ ಆಬ್ಜೆಕ್ಟ್ ಮಾಡಿ ಅಂತ ಒಬ್ಬರು. ಫಾರ್ಮ್‌ಗೆ ಐಡಿ ಒಂದು ಕೊಡಿ, ಮಿಕ್ಕಿದ್ದನ್ನು ಅದು ಡೇಟಾಬೇಸ್‌ನಿಂದ ತಂದುಕೊಳ್ಳಲಿ ಅಂತ ಇನ್ನೊಬ್ಬರು. ಮೇಲಿನವರು ಫಾರ್ಮ್‌ಗೆಂದೇ ಬೇರೆ ಸಾಫ್ಟ್‌ವೇರ್ ಕೊಳ್ಳೋಣ ಅಂದರು. ಅದರ ಲೈಸೆನ್ಸ್‌ಗೆ ಒಬ್ಬ ಡೆವಲಪರ್‌ನ ವರ್ಷದ ಸಂಬಳದಷ್ಟು ಆಗುತ್ತಿತ್ತು. ನಾನು ಹೇಳಿದ್ದು ಒಂದೇ ಮಾತು: ಪ್ರತಿ ಟಾಸ್ಕ್‌ಗೂ ಅದರದ್ದೇ ಬಾಗಿಲು ಇರಲಿ. ಒಳಗೆ ಬರುವುದು ಇನ್‌ಪುಟ್ ಮ್ಯಾಪಿಂಗ್‌ನಲ್ಲಿ, ಹೊರಗೆ ಹೋಗುವುದು ಔಟ್‌ಪುಟ್ ಮ್ಯಾಪಿಂಗ್‌ನಲ್ಲಿ, ಬೇರೆ ದಾರಿ ಬೇಡ. ಈ ಮ್ಯಾಪಿಂಗ್ ಬರೆಯುವುದು ಪ್ರೊಸೆಸ್‌ನ ಎಕ್ಸ್‌ಎಂಎಲ್ ಫೈಲ್‌ನಲ್ಲಿ. "ಇಪ್ಪತ್ಮೂರು ಟಾಸ್ಕ್ ಇದೆ, ಅಷ್ಟಕ್ಕೂ ಎಕ್ಸ್‌ಎಂಎಲ್ ಯಾರು ಬರೀತಾರೆ?" ಅಂತ ಆ ಮಾತನ್ನು ಅಲ್ಲೇ ಮುಗಿಸಿದರು.

ಮೊದಲು ಮಾಡಿದ್ದು ಆಬ್ಜೆಕ್ಟ್ ದಾರಿ. ಎರಡು ತಿಂಗಳು ಚೆನ್ನಾಗೇ ನಡೆಯಿತು. ಆಮೇಲೆ ಕ್ಲಾಸ್‌ಗೆ ಒಂದು ಹೊಸ ಫೀಲ್ಡ್ ಸೇರಿಸಿದೆವು. ಹಳೆ ಆಬ್ಜೆಕ್ಟ್ ಹೊಸ ಕ್ಲಾಸ್‌ಗೆ ಹೊಂದುತ್ತದೆ ಅಂತ ತಿಳಿಸುವ ಗುರುತು, ಸೀರಿಯಲ್ ವರ್ಷನ್ ಐಡಿ, ಬರೆದಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಹಳೆಯ ಇನ್‌ಸ್ಟೆನ್ಸ್‌ಗಳ (ಆಗಲೇ ಓಡುತ್ತಿದ್ದ ಅರ್ಜಿಗಳ) ಒಂದು ಫಾರ್ಮೂ ತೆರೆಯುತ್ತಿಲ್ಲ. ಡೇಟಾಬೇಸ್‌ನ ಬೈಟ್‌ಅರೇ ಟೇಬಲ್‌ನಲ್ಲಿ ಕೂತಿದ್ದ ಹಳೆ ಆಬ್ಜೆಕ್ಟ್‌ಗಳನ್ನು ಹೊಸ ಕ್ಲಾಸ್ ಓದಲ್ಲ ಅಂತಿದೆ. ಮುನ್ನೂರರ ಹತ್ತಿರ ಟಾಸ್ಕ್ ಸಿಕ್ಕಿಹಾಕಿಕೊಂಡಿದ್ದವು. ಮೂರು ಜನ ಶನಿವಾರ, ಭಾನುವಾರ ಕೂತು ಒಂದೊಂದಾಗಿ ಬಿಡಿಸಿದೆವು. ಆ ಕೆಲಸಕ್ಕೆ ಬಿಲ್ ಹಾಕುವ ಹಾಗೇ ಇರಲಿಲ್ಲ. ಆಬ್ಜೆಕ್ಟ್ ಇಡಲೇಬೇಕು ಅಂದರೆ ಓದಲು ಬರುವ ಬರಹದ ರೂಪದಲ್ಲಿ, ಜೇಸನ್ ಆಗಿ ಇಡಿ, ಆಬ್ಜೆಕ್ಟ್ ಅನ್ನು ಬೈಟ್‌ಗಳಾಗಿ ಇಡುವ ಜಾವಾ ಸೀರಿಯಲೈಸೇಷನ್ ಸಹವಾಸ ಬೇಡ.

ಆ ಭಾನುವಾರ ರಾತ್ರಿಯೇ ನಾನು ಒಬ್ಬನೇ ಒಂದು ಟಾಸ್ಕ್‌ನಲ್ಲಿ ಮ್ಯಾಪಿಂಗ್ ಶುರು ಮಾಡಿದೆ. ಅದೂ ಮೊದಲ ಸಲ ಕೈಕೊಟ್ಟಿತು. ಮೊತ್ತವನ್ನು ಅದೇ ಹೆಸರಲ್ಲಿ ಇನ್‌ಪುಟ್ ಆಗಿ ಒಳಗೆ ತಂದೆ. ಫಾರ್ಮ್‌ನಲ್ಲಿ 40000 ಅಂತಿದ್ದದ್ದನ್ನು 35000 ಮಾಡಿ ಸಬ್ಮಿಟ್ ಮಾಡಿದೆ. ಎರರ್ ಇಲ್ಲ, ಟಾಸ್ಕ್ ಮುಗಿಯಿತು. ಮುಂದಿನ ಫಾರ್ಮ್‌ನಲ್ಲಿ ನೋಡಿದರೆ ಮತ್ತೆ 40000! ಎಂಜಿನ್ ವೇರಿಯಬಲ್ ಬರೆಯುವಾಗ ಒಳಗಿನ ಸ್ಕೋಪ್‌ನಿಂದ (ವೇರಿಯಬಲ್ ಇರುವ ಮಟ್ಟದಿಂದ) ಮೇಲಕ್ಕೆ ಹುಡುಕುತ್ತಾ ಹೋಗುತ್ತದೆ. ಆ ಹೆಸರು ಟಾಸ್ಕ್ ಮಟ್ಟದಲ್ಲೇ ಸಿಕ್ಕಿದರೆ ಅಲ್ಲೇ ಬರೆದು ನಿಲ್ಲಿಸುತ್ತದೆ. ಟಾಸ್ಕ್ ಮುಗಿದಾಗ ಅದೂ ಹೋಯಿತು. ಎಲ್ಲೂ ಸಿಗದ ಹೊಸ ಹೆಸರಾದರೆ ಸೀದಾ ಪ್ರೊಸೆಸ್ ಮಟ್ಟಕ್ಕೆ ಹೋಗಿ ಕೂರುತ್ತದೆ. ನಮ್ಮ ನಲವತ್ತು ವೇರಿಯಬಲ್ ಹುಟ್ಟಿದ್ದೂ ಹೀಗೆಯೇ.

ತೊಂದರೆ ಕೊಟ್ಟ ಈ ಗುಣವನ್ನೇ ನಾನು ಕೆಲಸಕ್ಕೆ ಹಚ್ಚಿದೆ. ಈಗ ನಮ್ಮ ಮಂಜೂರಾತಿ ಟಾಸ್ಕ್ ಹೀಗಿದೆ. ಓದಲು ಮಾತ್ರ ಬೇಕಾದ ನಾಲ್ಕು ಇನ್‌ಪುಟ್: ಮೊತ್ತ, ಮಿತಿ, ಅರ್ಜಿದಾರ, ಹಿಂದಿನ ಟಿಪ್ಪಣಿ. ಇವುಗಳ ಹೆಸರು 'ಇನ್' ಅಂತ ಶುರುವಾಗುತ್ತದೆ. ಬಳಕೆದಾರರು ತುಂಬುವ ನಿರ್ಧಾರ, ಒಪ್ಪಿದ ಮೊತ್ತ, ಇವು 'ಔಟ್' ಅಂತ ಶುರು. ಮುಖ್ಯ ವಿಷಯ ಏನಂದರೆ, ಈ 'ಔಟ್' ಹೆಸರುಗಳನ್ನೂ ನಾನು ಇನ್‌ಪುಟ್ ಮ್ಯಾಪಿಂಗ್‌ನಲ್ಲೇ ಬರೆಯುತ್ತೇನೆ, ಬೆಲೆ ನಲ್ (ಖಾಲಿ) ಕೊಟ್ಟು. ಆಗ ಫಾರ್ಮ್‌ನಿಂದ ಬಂದದ್ದೆಲ್ಲ ಟಾಸ್ಕ್ ಒಳಗೇ ಉಳಿಯುತ್ತದೆ, ಮೇಲಕ್ಕೆ ಸೋರುವುದಿಲ್ಲ. ಔಟ್‌ಪುಟ್ ಮ್ಯಾಪಿಂಗ್ ಅದರಲ್ಲಿ ಬೇಕಾದ ಎರಡನ್ನು ಮಾತ್ರ, ಟೈಪ್ ಸರಿ ಮಾಡಿ, ಮೇಲಕ್ಕೆ ಕಳಿಸುತ್ತದೆ. ಒಂದೇ ಫಾರ್ಮ್ ಎರಡು ಪ್ಯಾರಲಲ್ ದಾರಿಗಳಲ್ಲಿ ತೆರೆದಿದ್ದರೂ ಟಾಸ್ಕ್ ಒಳಗೆ ಒಂದರ ಬೆಲೆ ಇನ್ನೊಂದರ ಮೇಲೆ ಬೀಳಲ್ಲ. ಇದನ್ನು ಮೊದಲ ಸಲ ತೋರಿಸಿದಾಗ ಟೀಮ್‌ನವರು ಎರಡೆರಡು ಸಲ ಮಾಡಿಸಿ ನೋಡಿದರು. ನನಗೂ ಹೆಮ್ಮೆ ಆಯಿತು, ಯಾಕೆ ಸುಳ್ಳು ಹೇಳಲಿ.

ರೆಸ್ಟ್‌ನಲ್ಲಿ (ವೆಬ್ ಮೂಲಕ ಎಂಜಿನ್ ಜೊತೆ ಮಾತಾಡುವ ದಾರಿ) ಸಬ್ಮಿಟ್ ಮಾಡುವಾಗ ಪ್ರತಿ ಬೆಲೆಗೂ ಟೈಪ್ ಬರೆಯಲೇಬೇಕು ಅನ್ನೋದು ನಮ್ಮ ನಿಯಮ. ಮೊತ್ತ ಅಂದರೆ ಲಾಂಗ್ (ದೊಡ್ಡ ಪೂರ್ಣಸಂಖ್ಯೆ), ಬಿಟ್ಟರೆ ಅದು ಇಂಟೀಜರ್ (ಚಿಕ್ಕ ಪೂರ್ಣಸಂಖ್ಯೆ) ಆಗಿ ಬಂದು ಡೆಲಿಗೇಟ್‌ನಲ್ಲಿ (ಎಂಜಿನ್ ಕರೆಯುವ ನಮ್ಮ ಜಾವಾ ಕೋಡ್) ಕ್ಯಾಸ್ಟ್, ಅಂದರೆ ಟೈಪ್ ಬದಲಾವಣೆ, ಮುರಿಯುತ್ತದೆ. ಡೆಲಿಗೇಟ್‌ನಲ್ಲೂ ಈಗ ನಂಬರ್ ಅಂತ ಹಿಡಿದು ಅದರಿಂದ ಲಾಂಗ್ ತೆಗೆಯುತ್ತೇನೆ. ಫಾರ್ಮ್ ತೆರೆಯುವಾಗ ಬೇಕಾದ ಹೆಸರುಗಳನ್ನು ಮಾತ್ರ ಕೇಳಿ, ಇಟ್ಟ ಆಬ್ಜೆಕ್ಟ್ ಬಿಚ್ಚುವ ಡೀಸೀರಿಯಲೈಸ್ ಬೇಡ ಅನ್ನಿ. ಮೊದಲು ಮೂರು ಸೆಕೆಂಡ್ ಆಸುಪಾಸು ಹಿಡಿಯುತ್ತಿದ್ದ ಫಾರ್ಮ್ ಈಗ ಅರ್ಧ ಸೆಕೆಂಡ್ ಒಳಗೆ ಬರುತ್ತದೆ. ನಡೆದದ್ದರ ದಾಖಲೆ ಇಡುವ ಹಿಸ್ಟರಿ ಟೇಬಲ್ ಬೆಳೆಯುವುದೂ ಕಾಲು ಭಾಗಕ್ಕೆ ಇಳಿದಿರಬೇಕು. ಡೇಟಾಬೇಸ್ ಡಿಸ್ಕ್ ದೊಡ್ಡದು ಮಾಡುವ ಖರ್ಚು ಆ ವರ್ಷ ಉಳಿಯಿತು.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಇನ್‌ಪುಟ್ ಬೆಲೆಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಲೆಕ್ಕ ಹಾಕಿಸಿದೆ. ದಿನಾಂಕ ಜೋಡಿಸುವುದು, ಹೆಸರು ಕೂಡಿಸುವುದು ತುಂಬಾ ಸಲೀಸು ಅನ್ನಿಸಿತು. ಆಮೇಲೆ ಜಾವಾ 17ಕ್ಕೆ ಬಂದೆವು. ಜಾವಾ ಒಳಗೆ ಜಾವಾಸ್ಕ್ರಿಪ್ಟ್ ಓಡಿಸುವ ನ್ಯಾಶಾರ್ನ್ ಅನ್ನು ಜಾವಾ 15ರಲ್ಲೇ ತೆಗೆದುಹಾಕಿದ್ದರು, ಹಾಗಾಗಿ ಸ್ಕ್ರಿಪ್ಟ್ ಇದ್ದ ಟಾಸ್ಕ್‌ಗಳೆಲ್ಲ ನಿಂತವು. ಗ್ರೂವಿ ಎಂಬ ಇನ್ನೊಂದು ಸ್ಕ್ರಿಪ್ಟ್ ಭಾಷೆಗೆ ಬದಲಿಸಬಹುದಿತ್ತು. ನಾನು ಎಲ್ಲವನ್ನೂ ಒಂದು ಬೀನ್‌ಗೆ (ಹೆಸರಿಟ್ಟು ಕರೆಯಬಹುದಾದ ಜಾವಾ ಆಬ್ಜೆಕ್ಟ್) ಹಾಕಿ ಎಕ್ಸ್‌ಪ್ರೆಷನ್‌ನಿಂದ ಕರೆದೆ. ಟೆಸ್ಟ್ ಬರೆಯಲೂ ಅದೇ ಸುಲಭ.

ಇನ್ನೊಂದು ಪೆಟ್ಟು ಟಿಪ್ಪಣಿಯಿಂದ ಬಿತ್ತು. ಒಬ್ಬ ಬಳಕೆದಾರರು ಸಬ್ಮಿಟ್ ಒತ್ತುತ್ತಾರೆ, ಟಾಸ್ಕ್ ಮಾತ್ರ ಲಿಸ್ಟ್‌ನಿಂದ ಹೋಗಲ್ಲ. ಮತ್ತೆ ತುಂಬುತ್ತಾರೆ, ಮತ್ತೆ ಅದೇ ಕಥೆ. ಬೇರೆ ಯಾರಿಗೂ ಹೀಗಾಗುತ್ತಿಲ್ಲ. ಪಕ್ಕದಲ್ಲಿ ಕೂತು ನೋಡಿದೆ. ಟಿಪ್ಪಣಿ ಜಾಗಕ್ಕೆ ಅವರು ಇಡೀ ಪತ್ರವನ್ನೇ ಪೇಸ್ಟ್ ಮಾಡುತ್ತಿದ್ದರು. ವೇರಿಯಬಲ್ ಟೇಬಲ್‌ನ ಟೆಕ್ಸ್ಟ್ ಕಾಲಂ ಹಿಡಿಯುವುದು 4000 ಅಕ್ಷರ. ಅದಕ್ಕಿಂತ ಹೆಚ್ಚಾದರೆ ಟ್ರಾನ್ಸಾಕ್ಷನ್ ಪೂರ್ತಿ ಹಿಂದೆ ಸರಿಯುತ್ತದೆ, ಟಾಸ್ಕ್ ಇದ್ದಲ್ಲೇ ಇರುತ್ತದೆ. ಈಗ ಉದ್ದದ ಬರಹ ನಮ್ಮದೇ ಟೇಬಲ್‌ಗೆ ಹೋಗುತ್ತದೆ, ವೇರಿಯಬಲ್‌ನಲ್ಲಿ ಅದರ ಐಡಿ ಮಾತ್ರ. ಐಡಿ ದಾರಿ ಹೇಳಿದ್ದವರ ಮಾತು ಇಷ್ಟರ ಮಟ್ಟಿಗೆ ಸರಿ ಇತ್ತು.

ಮಲ್ಟಿ ಇನ್‌ಸ್ಟೆನ್ಸ್ ಟಾಸ್ಕ್‌ನಲ್ಲಿ (ಒಂದೇ ಟಾಸ್ಕ್ ಹಲವು ಪ್ರತಿಗಳಾಗಿ ನಡೆಯುವುದು) ನನ್ನ ಪದ್ಧತಿ ಅರ್ಧವೇ ನಡೆಯುತ್ತದೆ. ಅಲ್ಲಿ ಔಟ್‌ಪುಟ್ ಮ್ಯಾಪಿಂಗ್‌ಗೆ ಅವಕಾಶ ಇಲ್ಲ, ಡಿಪ್ಲಾಯ್ ಮಾಡುವಾಗಲೇ (ಪ್ರೊಸೆಸ್ ಫೈಲ್ ಏರಿಸುವಾಗಲೇ) ಎಂಜಿನ್ ತಿರಸ್ಕರಿಸುತ್ತದೆ. ಐದು ಜನ ಒಪ್ಪಿಗೆ ಕೊಡಬೇಕಾದ ಟಾಸ್ಕ್‌ನಲ್ಲಿ ಕಂಪ್ಲೀಟ್ ಲಿಸನರ್ (ಟಾಸ್ಕ್ ಮುಗಿಸುವಾಗ ಓಡುವ ಕೋಡ್) ಹಾಕಿ, ಲೂಪ್ ಕೌಂಟರ್ (ಪ್ರತಿಯ ಕ್ರಮಸಂಖ್ಯೆ) ಸೇರಿಸಿದ ಹೆಸರಲ್ಲಿ ಒಬ್ಬೊಬ್ಬರ ನಿರ್ಧಾರವನ್ನು ಬೇರೆ ಬೇರೆ ಬರೆಯುತ್ತೇನೆ. ಎಲ್ಲರೂ ಒಂದೇ ಲಿಸ್ಟ್‌ಗೆ ಬರೆಯುವುದು ಬೇಡವೇ ಬೇಡ. ಇಬ್ಬರು ಒಂದೇ ಕ್ಷಣಕ್ಕೆ ಮುಗಿಸಿದರೆ ಹೇಗಿದ್ದರೂ ಆಪ್ಟಿಮಿಸ್ಟಿಕ್ ಲಾಕಿಂಗ್ ಎಕ್ಸೆಪ್ಷನ್ (ಅದೇ ದಾಖಲೆ ಅಷ್ಟರಲ್ಲಿ ಬದಲಾಗಿದೆ ಅನ್ನುವ ಎರರ್) ಬರಬಹುದು, ಅದಕ್ಕೆ ಮೂರು ಸಲ ರೀಟ್ರೈ ಇಟ್ಟಿದ್ದೇನೆ.

ಇಪ್ಪತ್ಮೂರು ಟಾಸ್ಕ್‌ಗೆ ಮ್ಯಾಪಿಂಗ್ ಬರೆಯಲು ಒಬ್ಬನಿಗೆ ಹನ್ನೊಂದು ದಿನ ಹಿಡಿಯಿತು ಅಂತ ನೆನಪು. ಲೈಸೆನ್ಸ್ ದುಡ್ಡಿನ ಮುಂದೆ ಇದು ಏನೂ ಅಲ್ಲ, ಅಲ್ವಾ? ಮ್ಯಾಪಿಂಗ್ ಇಲ್ಲದ ಯೂಸರ್ ಟಾಸ್ಕ್ ಡಿಪ್ಲಾಯ್ ಆಗದ ಹಾಗೆ ಒಂದು ಪಾರ್ಸ್ ಲಿಸನರ್ (ಎಂಜಿನ್ ಪ್ರೊಸೆಸ್ ಫೈಲ್ ಓದುವಾಗ ಓಡುವ ಕೋಡ್) ಕೂಡ ಬರೆದಿದ್ದೇನೆ. ಫಾರ್ಮ್‌ನ ಹೆಸರಿಗೂ ಮ್ಯಾಪಿಂಗ್‌ನ ಹೆಸರಿಗೂ ತಾಳೆ ಹಾಕುವುದು ಅದೇ. ಅದರ ಕೋಡ್ ಮಾತ್ರ ಇಲ್ಲಿ ಕೊಡುವುದಿಲ್ಲ, ಮುಂದಿನ ಎರಡು ಪ್ರಾಜೆಕ್ಟ್ ನಮಗೆ ಸಿಕ್ಕಿದ್ದೇ ಅದರಿಂದ. ಲಿಸನರ್ ಬರೆದು ಅಭ್ಯಾಸ ಇರುವವರಿಗೆ ಒಂದು ದಿನದ ಕೆಲಸ.

ಪ್ರೊಸೆಸ್‌ನ ಹಳೆಯ ವರ್ಷನ್‌ನಲ್ಲಿ ಇನ್ನೂ ಅರವತ್ತು ಚಿಲ್ಲರೆ ಇನ್‌ಸ್ಟೆನ್ಸ್ ಓಡುತ್ತಿವೆ. ಅವುಗಳನ್ನು ಹೊಸದಕ್ಕೆ ಮೈಗ್ರೇಟ್ ಮಾಡಿಲ್ಲ. ಹಳೆ ಫಾರ್ಮ್‌ಗಳ ಜೊತೆಗೇ ಮುಗಿಯಲಿ ಅಂತ ಬಿಟ್ಟಿದ್ದೇನೆ.