ಎದೆ ಡವಡವ ಅಂದಾಗ ನಾನು ಮಾಡುವುದು

ದೇವಿಮನೆ ಘಟ್ಟದಲ್ಲಿ 22 ವರ್ಷ ಬಸ್ ಓಡಿಸಿದವನು ನಾನು. ಆಯಿ, ಅಂದರೆ ಅಮ್ಮ, ತೀರಿಕೊಂಡ ವರ್ಷ ನಿದ್ದೆ ಹೋಯಿತು, ಹಸಿವೂ ಹೋಯಿತು, ಎದೆ ಡವಡವ ಅನ್ನುತ್ತಿತ್ತು. ಇಸಿಜಿ ಸರಿಯಾಗೇ ಇತ್ತು. ದುಃಖ ಮೈಯೊಳಗೇ ಕೂತಿತ್ತು. ಆಗ ಶುರು ಮಾಡಿದ್ದು ಇದು.

ಬೆಳಿಗ್ಗೆ ಆರೂವರೆಗೆ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗಿ. ನೀರು ತಾಗಿ ಗಟ್ಟಿಯಾದ ಮರಳಿನ ಮೇಲೆ ಅರ್ಧ ಗಂಟೆ ನಡೆಯಿರಿ. ಒಣ ಮರಳಲ್ಲಿ ಕಾಲು ಬೇಗ ಸೋಲುತ್ತದೆ. ನಮ್ಮಲ್ಲಿ ಸೂರ್ಯ ಬೆಟ್ಟದ ಕಡೆಯಿಂದ ಬರುತ್ತಾನೆ, ಅಲ್ವಾ? ಆ ಬೆಳಕಿನಿಂದ ಮೈಯ ಗಡಿಯಾರ ಹಳಿಗೆ ಬರುತ್ತದೆ, ರಾತ್ರಿ ನಿದ್ದೆಗೆ ಅನುಕೂಲ. ಸೂರ್ಯನನ್ನೇ ದಿಟ್ಟಿಸಬೇಡಿ.

ಆಮೇಲೆ ಕೂತುಕೊಳ್ಳಿ. ಇದೇ ಮುಖ್ಯ. ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಸುಮಾರು 6 ಉಸಿರು. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಬಿಡುವ ಉಸಿರು ಉದ್ದ ಇರಲಿ ಅನ್ನುವುದು ಅದಕ್ಕೇ. ತಲೆ ಸುತ್ತಿದರೆ ನಿಲ್ಲಿಸಿ. ನಾನು ಎಣಿಸುವುದಿಲ್ಲ, ಆಯಿಯ ಹೆಸರು ಹೇಳಿಕೊಳ್ಳುತ್ತೇನೆ. ಮೊದಲ ವಾರ ಸುಮ್ನೆ ಅಳು ಬರುತ್ತಿತ್ತು. ಬರಲಿ, ತಡೆಯಬೇಡಿ.

ಮಳೆಗಾಲದಲ್ಲಿ ಕಡಲ ಹತ್ತಿರ ಹೋಗುವುದೇ ಬೇಡ, ಜಗಲಿಯೇ ಸಾಕು. ಮಧ್ಯಾಹ್ನ ಊಟಕ್ಕೆ ಶಿರಸಿಯವರ ಹಾಗೆ ಒಂದೆಲಗದ ತಂಬುಳಿ ಮಾಡಿಕೊಳ್ಳಿ, ಹೊಟ್ಟೆಗೆ ಹಗುರ. ಸಂಜೆ ನಾಲ್ಕರ ಮೇಲೆ ಚಹಾ ಬೇಡ.

ಎದೆನೋವು ಬಂದರೆ ಮಾತ್ರ ಇದ್ಯಾವುದನ್ನೂ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.